ಹಳೆ ಯೆಜ್ಡಿ ಎಬ್ಬಿಸೋ ಮುಂಚೆ

ಹಡಗಲಿ ಕಡೆ ಯಾರದೋ ಕೊಟ್ಟಿಗೆಯಲ್ಲಿ ಹಳೆ ಯೆಜ್ಡಿ ಬೈಕು ಸಿಕ್ಕಿತಾ? ದುಡ್ಡು ಎಣಿಸೋ ಮುಂಚೆ ಆರ್‌ಸಿ ಕೇಳಿ. ತುಕ್ಕು ಉಜ್ಜಿ, ಚಾಸಿಸ್ ನಂಬರು, ಎಂಜಿನ್ ನಂಬರು ಎರಡನ್ನೂ ಕಾಗದಕ್ಕೆ ತಾಳೆ ನೋಡಿ. ಮಾಲೀಕರು ತೀರಿಕೊಂಡಿದ್ರೆ ವಾರಸುದಾರರ ಕಾಗದಪತ್ರಕ್ಕೇ ಓಡಾಟ ಶುರು.

ಯೆಜ್ಡಿ ತಯಾರಿಸ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆಮೇಲೆ ಬಿಡಿಭಾಗ ಅಂದ್ರೆ ಹಳೆ ಸ್ಟಾಕು, ಗುಜರಿ, ಇಲ್ಲಾ ಡೂಪ್ಲಿಕೇಟು.

ಎಂಜಿನ್ನಿಗೆ ಬನ್ನಿ. ಇದು ಟೂ ಸ್ಟ್ರೋಕ್. ಗಾಳಿ, ಪೆಟ್ರೋಲು, ಆಯಿಲ್ ಮೊದಲು ಕ್ರ್ಯಾಂಕ್ ಕೇಸಿಗೇ ಬರುತ್ತೆ. ವರ್ಷಗಟ್ಟಲೆ ನಿಂತ ಗಾಡೀಲಿ ಕ್ರ್ಯಾಂಕಿನ ಆಯಿಲ್ ಸೀಲು ಒಣಗಿ ಸೆಟೆದುಕೊಂಡಿರುತ್ತೆ. ಆ ಸಂದಿಯಿಂದ ಹೊರಗಿನ ಗಾಳಿ ನುಗ್ಗಿ, ಪೆಟ್ರೋಲು-ಆಯಿಲ್ ಸಾಲದೆ, ಪಿಸ್ಟನ್ ಕಾದು ಜಾಮ್. ಹೊಸದಾಗಿ ಬೋರ್ ಮಾಡಿಸಿದ ದುಡ್ಡು ನೀರಲ್ಲಿ ಹೋಮ! ಸೀಲೇನೋ ಅಗ್ಗ, ಬಿಚ್ಚಿ ಕಟ್ಟೋ ಕೂಲಿನೇ ಜಾಸ್ತಿ.

ಪೇಂಟು, ಕ್ರೋಮು ಕೊನೆಗೆ. ಎಲ್ಲರೂ ಅದನ್ನೇ ಮೊದಲು ಮಾಡಿಸ್ತಾರೆ, ಫೋಟೊ ಚೆನ್ನಾಗಿ ಬರುತ್ತಲ್ಲ.

50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿ ಆದ್ರೆ 2021ರ ವಿಂಟೇಜ್ ನಿಯಮದಡಿ ನೋಂದಣಿ ಉಂಟು. ಹೊಸ ನೋಂದಣಿಗೆ 20,000 ರೂಪಾಯಿ. ಆದ್ರೆ ಆ ಗಾಡೀನ ದಿನಾ ಹೊಲಕ್ಕೆ, ಸಂತೆಗೆ ಓಡಿಸೋ ಹಾಗಿಲ್ಲ.