ಮೊದಲು ಬಿಡುಗಡೆ, ಆಮೇಲೆ ಆಜ್ಞೆ

ಹದಿಮೂರು ಹದಿನಾಲ್ಕರ ಮಕ್ಕಳನ್ನು ಕೂರಿಸಿಕೊಂಡು ರಕ್ಷಣೆಯ ಪಾಠ ಹೇಳುವುದು ಕ್ರೈಸ್ತ ಸಭೆಗಳಲ್ಲಿ ಶತಮಾನಗಳಿಂದ ನಡೆದುಬಂದ ಕೆಲಸ. ಕರ್ನಾಟಕದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಇದನ್ನು ಕನ್ಫರ್ಮೇಶನ್ ತರಗತಿ ಎನ್ನುತ್ತಾರೆ. ಕಥೋಲಿಕರಲ್ಲಿ ದೃಢೀಕರಣ ಸಂಸ್ಕಾರಕ್ಕೆ ಮುಂಚಿನ ಧರ್ಮೋಪದೇಶ. ಹಸುಗೂಸಾಗಿದ್ದಾಗ ದೀಕ್ಷಾಸ್ನಾನ ಪಡೆದ ಮಗುವಿನ ಪರವಾಗಿ ಅಂದು ಹೆತ್ತವರು ಕೊಟ್ಟ ಮಾತನ್ನು ಈಗ ಆ ಮಗುವೇ ಸಭೆಯ ಮುಂದೆ ನಿಂತು ಹೇಳಬೇಕು. ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಆ ದಿನಕ್ಕೆ ಮಕ್ಕಳನ್ನು ಸಿದ್ಧಗೊಳಿಸುವಾಗ ಯಾವುದನ್ನು ಮೊದಲು ಹೇಳುತ್ತೇವೆ, ಯಾವುದನ್ನು ಆಮೇಲೆ ಹೇಳುತ್ತೇವೆ ಎಂಬುದು ಬರೀ ಪಾಠಪಟ್ಟಿಯ ವಿಷಯವೆಂದು ಕಾಣಬಹುದು. ನನ್ನ ಮಟ್ಟಿಗೆ ಪಾಠದ ಜೀವವಿರುವುದೇ ಆ ಕ್ರಮದಲ್ಲಿ. ಮನುಷ್ಯ ತನ್ನ ಪುಣ್ಯದ ಬಲದಿಂದ ದೇವರನ್ನು ಮುಟ್ಟಲಾರ, ದೇವರೇ ಯೇಸುವಿನ ಬದುಕು, ಮರಣ, ಪುನರುತ್ಥಾನಗಳಲ್ಲಿ ಅವನ ಬಳಿಗೆ ಬಂದು ಪಾಪದ ಹಿಡಿತದಿಂದ ಬಿಡಿಸಿದ, ಇದು ಗಳಿಕೆಯಲ್ಲ, ಕೃಪೆ ಎಂಬುದು ಕ್ರೈಸ್ತ ನಂಬಿಕೆಯ ತಿರುಳು. ಆದರೆ ಹದಿಹರೆಯದವರ ತರಗತಿಗಳಲ್ಲಿ ಎಷ್ಟೋ ಸಲ ಮೊದಲು ಬರುವುದು ಮಾಡಬಾರದವುಗಳ ಪಟ್ಟಿ, ಅದರ ಬೆನ್ನಿಗೆ ನರಕದ ಭಯ. ಕೃಪೆಯ ಮಾತು ಬರುವ ಹೊತ್ತಿಗೆ ಮಕ್ಕಳು ಕಿವಿ ಮುಚ್ಚಿಕೊಂಡಾಗಿರುತ್ತದೆ. ಈ ಕ್ರಮ ತಿರುವುಮುರುವಾಗಿದೆ, ಅದನ್ನು ಸರಿಪಡಿಸಬೇಕು ಎಂಬುದೇ ನನ್ನ ವಾದ.

ಸರಿಯಾದ ಕ್ರಮವನ್ನು ಬೈಬಲ್ಲೇ ಹಾಕಿಕೊಟ್ಟಿದೆ. ಹತ್ತು ಆಜ್ಞೆಗಳು ಬರುವುದು ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ. ಅಷ್ಟರೊಳಗೆ ಇಸ್ರಾಯೇಲರು ಐಗುಪ್ತದಲ್ಲಿ ಇಟ್ಟಿಗೆ ಮಾಡುವ ಬಿಟ್ಟಿ ದುಡಿಮೆಯಿಂದ ಪಾರಾಗಿ, ಸಮುದ್ರ ದಾಟಿ, ಮರುಭೂಮಿಯಲ್ಲಿ ಮನ್ನ ತಿಂದು, ಸೀನಾಯಿ ಬೆಟ್ಟದ ಬುಡಕ್ಕೆ ಬಂದಿರುತ್ತಾರೆ. ಆಜ್ಞೆ ಕೊಡುವ ಮುನ್ನ ದೇವರು ತನ್ನನ್ನು ಪರಿಚಯಿಸಿಕೊಳ್ಳುವುದೂ ಅವರನ್ನು ದಾಸತ್ವದಿಂದ ಹೊರಗೆ ತಂದವನೆಂದೇ. ಈ ಹತ್ತನ್ನು ಪಾಲಿಸಿದರೆ ಮಾತ್ರ ಬಿಡಿಸುತ್ತೇನೆಂಬ ಷರತ್ತನ್ನು ಐಗುಪ್ತದಲ್ಲಿ ಯಾರ ಮುಂದೆಯೂ ಇಟ್ಟಿರಲಿಲ್ಲ. 1563ರಲ್ಲಿ ಜರ್ಮನಿಯ ಪ್ಯಾಲಟಿನೇಟ್ ಪ್ರಾಂತ್ಯದ ದೊರೆ ಮೂರನೆಯ ಫ್ರೆಡರಿಕ್ ಹೊರತರಿಸಿದ ಹೈಡಲ್‌ಬರ್ಗ್ ಜ್ಞಾನೋಪದೇಶ ಈ ಸೂಕ್ಷ್ಮವನ್ನು ಚೆನ್ನಾಗಿ ಹಿಡಿದಿದೆ. ಅದರ ರಚನೆಯಲ್ಲಿ ದೊಡ್ಡ ಪಾಲು ವಹಿಸಿದ ಜಕರಿಯಾಸ್ ಉರ್ಸಿನಸ್‌ಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. 129 ಪ್ರಶ್ನೋತ್ತರಗಳ ಆ ಪುಸ್ತಕ ಮನುಷ್ಯನ ದುಃಸ್ಥಿತಿ, ಅವನ ಬಿಡುಗಡೆ, ಅವನ ಕೃತಜ್ಞತೆ ಎಂದು ಮೂರು ಭಾಗವಾಗಿ ಸಾಗುತ್ತದೆ. ಹತ್ತು ಆಜ್ಞೆಗಳ ವಿವರಣೆ ಇರುವುದು ಮೂರನೆಯ ಭಾಗದಲ್ಲಿ, ಕೃತಜ್ಞತೆಯ ಅಡಿಯಲ್ಲಿ. ದುಃಸ್ಥಿತಿಯ ಭಾಗಕ್ಕೂ ಮುಂಚೆ, ಎಲ್ಲಕ್ಕಿಂತ ಮೊದಲ ಪ್ರಶ್ನೆಯಾಗಿ ಅದು ಕೇಳುವುದು ಬದುಕಿನಲ್ಲೂ ಸಾವಿನಲ್ಲೂ ನಿನಗಿರುವ ಸಾಂತ್ವನ ಯಾವುದು ಎಂದು. ಪಾಪದ ಪಾಠ ಅಲ್ಲಿ ಇಲ್ಲದೆ ಇಲ್ಲ. ಆದರೆ ನಾನು ಕ್ರಿಸ್ತನಿಗೆ ಸೇರಿದವನೆಂಬ ಉತ್ತರವನ್ನು ಬಾಯಲ್ಲಿಟ್ಟುಕೊಂಡೇ ಮಗು ಆ ಪಾಠಕ್ಕೆ ಇಳಿಯುತ್ತದೆ.

ಹದಿಹರೆಯಕ್ಕೆ ಇನ್ನೂ ಹತ್ತಿರವಾದ ಬರಹ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆ. ಗಲಾತ್ಯವೆಂದರೆ ಇಂದಿನ ಟರ್ಕಿಯ ನಡುಭಾಗದಲ್ಲಿದ್ದ ರೋಮನ್ ಪ್ರಾಂತ್ಯ. ಅಲ್ಲಿನ ಹೊಸ ಸಭೆಗಳಿಗೆ ಪೌಲನ ನಂತರ ಬಂದ ಬೋಧಕರು, ಬರೀ ನಂಬಿಕೆ ಸಾಲದು, ಸುನ್ನತಿ ಮಾಡಿಸಿಕೊಳ್ಳಿ, ಧರ್ಮಶಾಸ್ತ್ರದ ನೊಗಕ್ಕೂ ಹೆಗಲು ಕೊಡಿ ಎಂದು ಹೇಳತೊಡಗಿದ್ದರು. ಪೌಲ ಕೆರಳಿ ಬರೆದ ಉತ್ತರದ ಮೂರು ಮತ್ತು ನಾಲ್ಕನೆಯ ಅಧ್ಯಾಯಗಳ ತರ್ಕ ನಿಂತಿರುವುದು ಬೆಳೆಯುವ ಹುಡುಗನೊಬ್ಬನ ಚಿತ್ರದ ಮೇಲೆ. ಆ ಕಾಲದ ಉಳ್ಳವರ ಮನೆಗಳಲ್ಲಿ ಹುಡುಗನನ್ನು ಪಾಠಶಾಲೆಗೆ ಕರೆದೊಯ್ಯಲು, ಅವನ ನಡತೆಯ ಮೇಲೆ ಕಣ್ಣಿಡಲು, ತಪ್ಪಿದರೆ ಬೆತ್ತ ಎತ್ತಲು ಒಬ್ಬ ಗುಲಾಮನಿರುತ್ತಿದ್ದ. ಧರ್ಮಶಾಸ್ತ್ರದ ಪಾತ್ರ ಅಂಥದು ಎನ್ನುತ್ತಾನೆ ಪೌಲ. ಆಸ್ತಿಗೆಲ್ಲ ವಾರಸುದಾರನಾದರೂ ಹುಡುಗ ಚಿಕ್ಕವನಾಗಿರುವವರೆಗೆ ಮನೆಯ ಆಳಿಗಿಂತ ಬೇರೆಯಲ್ಲ. ತಂದೆ ಗೊತ್ತುಮಾಡಿದ ದಿನದವರೆಗೆ ಪಾಲಕರ ಕೈಕೆಳಗೇ ಇರಬೇಕು. ಆ ದಿನ ಬಂದಿದೆ, ನೀವೀಗ ಆಳುಗಳಲ್ಲ, ಮಕ್ಕಳು ಎಂಬುದು ಅವನ ಸುದ್ದಿ. ರಕ್ಷಣೆಯನ್ನು ಪ್ರಾಯಕ್ಕೆ ಬರುವುದಕ್ಕೆ ಹೋಲಿಸಿದ ಈ ಮಾತು ಪ್ರಾಯಕ್ಕೆ ಬರುತ್ತಿರುವವರಿಗೆ ತಟ್ಟಿದಷ್ಟು ಬೇರೆ ಯಾರಿಗೂ ತಟ್ಟಲಾರದು. ಮನೆಯಲ್ಲಿ ಯಾರ ಮಾತು ಕೇಳಬೇಕು, ಎಷ್ಟು ಕೇಳಬೇಕು, ನನ್ನ ಮಾತಿಗೆ ಬೆಲೆ ಬರುವುದು ಯಾವಾಗ ಎಂದು ಒಳಗೊಳಗೇ ಕುದಿಯುತ್ತಿರುವ ಹುಡುಗ ಹುಡುಗಿಯರಿಗೆ ಈ ಎರಡು ಅಧ್ಯಾಯಗಳನ್ನು ಬಿಟ್ಟು ಬರೀ ನಿಯಮ ಕಲಿಸುವುದೆಂದರೆ, ಪೌಲ ಯಾರನ್ನು ಮನೆಗೆ ಕಳಿಸಿದನೋ ಆ ಬೆತ್ತದ ಕಾವಲುಗಾರನನ್ನೇ ಮತ್ತೆ ಕರೆದುತಂದಂತೆ. ಅದರಲ್ಲೂ ಎಸ್‌ಎಸ್‌ಎಲ್‌ಸಿಯ 625ರಲ್ಲಿ ಎಷ್ಟು, ಸಿಇಟಿ ರ‍್ಯಾಂಕ್ ಎಷ್ಟು ಎಂದು ವಾರವಿಡೀ ಅಳೆಸಿಕೊಳ್ಳುವ ಮಗುವಿಗೆ ಭಾನುವಾರವೂ ಇನ್ನೊಂದು ಅಂಕಪಟ್ಟಿಯೇ ಸಿಕ್ಕಿದರೆ, ಕೃಪೆಯೆಂಬುದೊಂದು ಇದೆಯೆಂದು ಅದಕ್ಕೆ ತಿಳಿಯುವುದಾದರೂ ಹೇಗೆ?

ಇದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ರೋಗ ಗೊತ್ತಿಲ್ಲದವನಿಗೆ ಮದ್ದಿನ ಬೆಲೆ ಗೊತ್ತಾಗದು, ಆದ್ದರಿಂದ ಮೊದಲು ಪಾಪದ ಅರಿವು ಹುಟ್ಟಬೇಕು ಎನ್ನುವವರು ಮಾರ್ಟಿನ್ ಲೂಥರನ ಕಡೆ ಬೆರಳು ತೋರಿಸುತ್ತಾರೆ. 1528ರಲ್ಲಿ ಸ್ಯಾಕ್ಸನಿಯ ಸಭೆಗಳನ್ನು ನೋಡಿಬಂದು, ಹಳ್ಳಿಗರಿಗೆ ನಂಬಿಕೆಯ ಓನಾಮವೂ ತಿಳಿಯದೆಂದು ಮರುಗಿ ಅವನು 1529ರಲ್ಲಿ ಬರೆದ ಚಿಕ್ಕ ಜ್ಞಾನೋಪದೇಶ ಶುರುವಾಗುವುದು ಹತ್ತು ಆಜ್ಞೆಗಳಿಂದಲೇ. ಮಾತು ನಿಜ. ಆದರೆ ಲೂಥರ್ ಆಜ್ಞೆಗಳನ್ನು ಮೊದಲಿಟ್ಟದ್ದು, ಇವನ್ನು ಪೂರೈಸಲು ನಮ್ಮಿಂದಾಗದು ಎಂದು ಕಂಡವರು ಕೂಡಲೇ ದೇವರು ಮಾಡಿದ್ದನ್ನು ಹೇಳುವ ವಿಶ್ವಾಸಪ್ರಮಾಣದ ಕಡೆ ತಿರುಗಲಿ ಎಂದು. ಮಗುವನ್ನು ಅಲ್ಲೇ ನಿಲ್ಲಿಸಿ ಹೆದರಿಸಲಿ ಎಂದಲ್ಲ. ಭಯವನ್ನೇ ಬಾಗಿಲಾಗಿ ಮಾಡಿಕೊಂಡರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್ ಊರಿನ ಕತೆ ಸಾಕ್ಷಿ. 1734ರಲ್ಲಿ ಅಲ್ಲೊಬ್ಬ ಯುವಕ ಹಠಾತ್ತಾಗಿ ತೀರಿಕೊಂಡ. ಸಭಾಪಾಲಕ ಜೊನಾಥನ್ ಎಡ್ವರ್ಡ್ಸ್ ಆ ಸಾವನ್ನು ಎದುರಿಗಿಟ್ಟುಕೊಂಡು ಎಳೆಯರಿಗೆ ಬೋಧಿಸಿದ, ಸಂಜೆಗಳಲ್ಲಿ ಗುಂಪುಗೂಡಿ ಪ್ರಾರ್ಥಿಸಲು ಹಚ್ಚಿದ. ಆರು ತಿಂಗಳಲ್ಲಿ 300ಕ್ಕೂ ಹೆಚ್ಚು ಜನ ರಕ್ಷಣೆ ಹೊಂದಿದರೆಂದು ಅವನೇ ಬರೆದಿದ್ದಾನೆ. 1735ರ ಜೂನ್‌ನಲ್ಲಿ ಅವನ ಸ್ವಂತ ಸಂಬಂಧಿ ಜೋಸೆಫ್ ಹಾಲಿ ತನ್ನ ಆತ್ಮದ ಗತಿಯ ಬಗ್ಗೆ ಕೊರಗಿ ಕೊರಗಿ ಆತ್ಮಹತ್ಯೆ ಮಾಡಿಕೊಂಡ. ಊರಿನ ಇನ್ನೂ ಹಲವರ ಮನಸ್ಸು ಅತ್ತ ವಾಲಿತ್ತೆಂದೂ ಎಡ್ವರ್ಡ್ಸ್ ದಾಖಲಿಸಿದ್ದಾನೆ. ಹಾಲಿಯ ಮನೆತನದಲ್ಲೇ ಖಿನ್ನತೆಯಿತ್ತೆಂಬುದನ್ನೂ, ದೇವರ ಚೆಲುವಿನ ಬಗ್ಗೆ ಎಡ್ವರ್ಡ್ಸ್‌ನಷ್ಟು ಮನಮುಟ್ಟುವಂತೆ ಬರೆದವರು ವಿರಳವೆಂಬುದನ್ನೂ ಇಲ್ಲಿ ಹೇಳಲೇಬೇಕು. ಆದರೂ ಮನಸ್ಸು ಇನ್ನೂ ಹದಗೊಳ್ಳುತ್ತಿರುವ ವಯಸ್ಸಿನವರ ಮುಂದೆ ನಿಲ್ಲುವ ಪ್ರತಿ ಬೋಧಕನೂ ಈ ಪ್ರಸಂಗವನ್ನು ತಿಳಿದಿರಬೇಕು. ತರಗತಿಯಲ್ಲಿ ಕೂತ ಇಪ್ಪತ್ತು ಮಕ್ಕಳಲ್ಲಿ ಯಾರು ಈಗಾಗಲೇ ತಪ್ಪಿತಸ್ಥ ಭಾವನೆಯಲ್ಲಿ ಬೇಯುತ್ತಿದ್ದಾರೆಂಬುದು ಹೊರನೋಟಕ್ಕೆ ಕಾಣುವುದಿಲ್ಲ.

ಕ್ರಮ ತಪ್ಪಿದ ಪಾಠದ ಫಲ ಎಲ್ಲ ಕಡೆಯೂ ಇಷ್ಟು ಘೋರವಾಗಿರುವುದಿಲ್ಲ. ಸಾಮಾನ್ಯವಾಗಿ ಅದು ಸಪ್ಪೆಯಾಗಿರುತ್ತದೆ. ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ಮುಂದಾಳತ್ವದ ತಂಡ 2002–03ರಲ್ಲಿ ಅಮೆರಿಕದ 13ರಿಂದ 17 ವಯಸ್ಸಿನ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಫೋನಿನಲ್ಲಿ ಮಾತನಾಡಿಸಿ, 267 ಮಂದಿಯ ಜೊತೆ ಎದುರಾ ಎದುರು ಕೂತು ಸಂದರ್ಶಿಸಿ, 2005ರಲ್ಲಿ ಪುಸ್ತಕ ಪ್ರಕಟಿಸಿತು. ಆ ಮಕ್ಕಳಿಗೆ ಧರ್ಮದ ಮೇಲೆ ಸಿಟ್ಟೇನೂ ಇರಲಿಲ್ಲ. ಆದರೆ ನೀವು ನಂಬುವುದೇನು ಎಂದು ಕೇಳಿದರೆ, ಚರ್ಚಿನಲ್ಲೇ ಬೆಳೆದವರಿಗೂ ಮಾತು ಹೊರಡದು. ಒಳ್ಳೆಯವರಾಗಿರಬೇಕು, ಸಂತೋಷವಾಗಿರಬೇಕು, ಕಷ್ಟಕ್ಕೆ ದೇವರು ಬರುತ್ತಾನೆ, ಒಳ್ಳೆಯವರು ಸ್ವರ್ಗಕ್ಕೆ ಹೋಗುತ್ತಾರೆ ಎಂಬಷ್ಟರಲ್ಲಿ ಹೆಚ್ಚಿನವರ ಧರ್ಮ ಮುಗಿಯುತ್ತಿತ್ತು. ಕೃಪೆಯ ಪ್ರಸ್ತಾಪ ಅಪರೂಪ. ಅವರು ಕಲಿತದ್ದನ್ನೇ ಒಪ್ಪಿಸಿದ್ದರು ಎಂದು ಓದುವವರಿಗೆ ಅನ್ನಿಸದೆ ಇರದು. ಒಳ್ಳೆಯ ನಡತೆ ಬೇಡವೆಂದು ಯಾರೂ ಹೇಳರು, ಆದರೆ ಅದಕ್ಕೊಬ್ಬ ರಕ್ಷಕ ಯಾಕೆ ಬೇಕು ಎಂಬ ಪ್ರಶ್ನೆಗೆ ಆ ಮಕ್ಕಳ ಹತ್ತಿರ ಉತ್ತರವಿರಲಿಲ್ಲ.

ಬಿಡುಗಡೆ ಎಂಬುದನ್ನು ಬರೀ ಆತ್ಮದೊಳಗಿನ ವಿಷಯವಾಗಿ ಕಟ್ಟಿಹಾಕುವುದೂ ಇನ್ನೊಂದು ಬಗೆಯ ತಪ್ಪು. ಇದಕ್ಕೆ ಫ್ರೆಡರಿಕ್ ಡಗ್ಲಸ್‌ನ ಹದಿಹರೆಯಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದ ಡಗ್ಲಸ್ ಬಾಲ್ಟಿಮೋರ್‌ನಲ್ಲಿದ್ದಾಗ, ಸುಮಾರು 13ರ ವಯಸ್ಸಿಗೆ, ಬಿಳಿಯ ಮೆಥಡಿಸ್ಟ್ ಬೋಧಕನೊಬ್ಬನ ಮಾತು ಕೇಳಿದ. ದೊಡ್ಡವರು ಚಿಕ್ಕವರು, ಸ್ವತಂತ್ರರು ಗುಲಾಮರು ಎಲ್ಲರೂ ದೇವರ ಮುಂದೆ ಪಾಪಿಗಳೇ ಎಂಬುದು ಆ ಬೋಧನೆಯ ಸಾರ. ಒಡೆಯನೂ ಆಳೂ ಒಂದೇ ಸಾಲಿನಲ್ಲಿ ನಿಂತದ್ದನ್ನು ಹುಡುಗ ಅಂದು ಮೊದಲ ಬಾರಿಗೆ ಕೇಳಿದ್ದಿರಬೇಕು. ಆಮೇಲೆ ಅವನಿಗೆ ದಾರಿ ತೋರಿದವನು ಲಾಸನ್ ಎಂಬ ಕಪ್ಪು ಜನಾಂಗದ ಗಾಡಿಯಾಳು. ಮುದುಕನಿಗೆ ಓದು ಸರಿಯಾಗಿ ಬಾರದು. ಹುಡುಗ ಅಕ್ಷರ ಬಿಡಿಸಿ ಓದಬೇಕು, ಮುದುಕ ಅದರ ಒಳಗನ್ನು ಹೇಳಬೇಕು. ಬಾಲ್ಟಿಮೋರ್ ಬೀದಿಯ ಚರಂಡಿಗಳಲ್ಲಿ ಬಿದ್ದ ಬೈಬಲ್ ಹಾಳೆಗಳನ್ನು ಹೆಕ್ಕಿ, ತೊಳೆದು, ಒಣಗಿಸಿ ಓದುತ್ತಿದ್ದೆನೆಂದು ಡಗ್ಲಸ್ ಮುಂದೆ ಬರೆದಿದ್ದಾನೆ. ನಾನು ಜೀವಮಾನವಿಡೀ ಗುಲಾಮನಲ್ಲವೇ ಎಂದು ಅವನು ಅಲವತ್ತುಕೊಂಡಾಗ, ಸ್ವಾತಂತ್ರ್ಯ ಬೇಕಾದರೆ ದೇವರನ್ನೇ ಕೇಳು ಎಂದ ಲಾಸನ್. ಒಡೆಯ ಮಾತ್ರ ಆ ಮುದುಕನ ಬಳಿಗೆ ಹೋದರೆ ಚಾವಟಿ ಏಟೆಂದು ಬೆದರಿಸಿದ. ಮೇರಿಲ್ಯಾಂಡ್‌ನ ಸೇಂಟ್ ಮೈಕಲ್ಸ್ ಊರಿಗೆ ಬಂದ ಮೇಲೆ, 15ರ ಆಸುಪಾಸಿನಲ್ಲಿ, ಡಗ್ಲಸ್ ಗುಲಾಮ ಮಕ್ಕಳಿಗೆ ಓದು ಕಲಿಸುವ ಸಂಡೇ ಸ್ಕೂಲಿನಲ್ಲಿ ಕೈಜೋಡಿಸಿದ. ಹೆಚ್ಚು ದಿನ ಕಳೆಯುವ ಮೊದಲೇ ದೊಣ್ಣೆ ಹಿಡಿದು ನುಗ್ಗಿ ಅದನ್ನು ಚದುರಿಸಿದ ಗುಂಪಿನಲ್ಲಿ ಊರಿನ ಮೆಥಡಿಸ್ಟ್ ಚರ್ಚಿನ ಉಪದೇಶಕ ಮುಖಂಡರಿದ್ದರು. ಆತ್ಮದ ರಕ್ಷಣೆ ಕಲಿಸಿ, ಆದರೆ ಬಿಡುಗಡೆಯ ಮಾತು ಬೇಡ ಎನ್ನುವ ಧರ್ಮ ಅವರದು. ಅಂಥದೇ ಧೋರಣೆಯಿಂದ 1807ರಲ್ಲಿ ಲಂಡನ್ನಿನಲ್ಲಿ ಬೈಬಲ್ಲೊಂದನ್ನು ಕತ್ತರಿಸಿ ಅಚ್ಚುಹಾಕಲಾಗಿತ್ತು. ವೆಸ್ಟ್ ಇಂಡೀಸ್‌ನ ಗುಲಾಮರಿಗಾಗಿ ಬಂದ ಆ ಪ್ರತಿಯಲ್ಲಿ ಐಗುಪ್ತದಿಂದ ಹೊರಬಂದ ಕತೆಯಿಲ್ಲ, ಕ್ರಿಸ್ತನಲ್ಲಿ ಆಳು, ಒಡೆಯ ಎಂಬ ಭೇದವಿಲ್ಲವೆಂಬ ಗಲಾತ್ಯ ಪತ್ರಿಕೆಯ ವಚನವೂ ಇಲ್ಲ. ಯಾವ ಪುಟಗಳು ಗುಲಾಮರನ್ನು ಎದ್ದು ನಿಲ್ಲಿಸುತ್ತವೆಂದು ಆ ಸಂಪಾದಕರಿಗೆ ಚೆನ್ನಾಗಿಯೇ ತಿಳಿದಿತ್ತು. ನಮ್ಮ ತರಗತಿಗಳಲ್ಲಿ ಜಾತಿಯ ಮಾತು, ಹೆಣ್ಣುಮಕ್ಕಳ ಮೇಲಿನ ಕಟ್ಟುಪಾಡುಗಳ ಮಾತು ಬಂದಾಗ ಬೋಧಕರು ಪುಟ ತಿರುಗಿಸಿ ಮುಂದೆ ಹೋದರೆ, ನಾವೂ ಕತ್ತರಿ ಹಿಡಿದವರೇ ಆಗುತ್ತೇವೆ.

ಕೃಪೆಯನ್ನೇ ಮೊದಲು ಹೇಳಿದರೆ ಮಕ್ಕಳು ಲಗಾಮು ಕಿತ್ತುಕೊಂಡು ಹೋಗುತ್ತಾರೆ ಎಂಬ ಅಂಜಿಕೆ ಹೆತ್ತವರಲ್ಲಿ ಸಾಮಾನ್ಯ. ಇದೇ ಅಂಜಿಕೆಯನ್ನು ಪೌಲನ ಮುಂದೆಯೂ ಇಟ್ಟಿದ್ದರು. ಕೃಪೆ ಹೆಚ್ಚಲೆಂದು ಪಾಪ ಮಾಡುತ್ತಲೇ ಇರೋಣವೇ ಎಂಬ ಪ್ರಶ್ನೆಯನ್ನು ಅವನು ರೋಮಾಪುರದವರ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ತಾನೇ ಎತ್ತಿ, ಕೂಡದು ಎಂದು ಖಂಡತುಂಡವಾಗಿ ಹೇಳುತ್ತಾನೆ. ಬಿಡುಗಡೆಯಾದವನು ಹಳೆಯ ಒಡೆಯನ ಮನೆಗೆ ಮರಳಿ ದುಡಿಯಲು ಯಾಕೆ ಹೋಗುತ್ತಾನೆ ಎಂಬುದು ಅಲ್ಲಿಯ ತರ್ಕ. ಲೂಥರ್ 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಬರೆದ ಕಿರುಹೊತ್ತಿಗೆಯಲ್ಲಿ, ಕ್ರೈಸ್ತ ಯಾರಿಗೂ ಅಧೀನನಲ್ಲ, ಹಾಗಿದ್ದೂ ಎಲ್ಲರ ಸೇವಕ ಎಂಬ ಎರಡು ಮಾತುಗಳನ್ನು ಜೋಡಿಯಾಗಿ ಹೇಳುತ್ತಾನೆ. ಸ್ವರ್ಗ ಗಳಿಸುವ ಲೆಕ್ಕಾಚಾರದಿಂದ ಪಾರಾದವನಿಗೆ ನೆರೆಯವನ ಸೇವೆ ಮಾಡಲು ಕೈ ಬಿಡುವಾಗುತ್ತದೆ. ಹದಿಹರೆಯದವರಿಗೆ ಇದು ಅರ್ಥವಾಗದ ತತ್ತ್ವವಲ್ಲ. ಭಯದಿಂದ ತಗ್ಗಿದ ತಲೆ ಭಯ ಹೋದ ದಿನ ಮೇಲೇಳುತ್ತದೆ, ಮನೆ ಬಿಟ್ಟು ಹಾಸ್ಟೆಲಿಗೆ ಸೇರಿದ ಮೊದಲ ತಿಂಗಳಲ್ಲೇ ಅದು ಕಾಣುತ್ತದೆ. ಮನಸಾರೆ ಒಪ್ಪಿದ ನಡತೆಗೆ ಕಾವಲು ಬೇಕಾಗುವುದಿಲ್ಲ.

ಚರ್ಚಿನ ಹೊರಗಿನಿಂದ ಬರುವ ಆಕ್ಷೇಪ ಇನ್ನೂ ಬಲವಾದದ್ದು. ಹದಿನಾಲ್ಕರ ಮಗುವಿಗೆ ರಕ್ಷಣೆ, ನರಕ, ನಿತ್ಯಜೀವ ಎಂದು ತುಂಬುವುದೇ ಸರಿಯಲ್ಲ, ಹದಿನೆಂಟಾದ ಮೇಲೆ ತಾನೇ ಆರಿಸಿಕೊಳ್ಳಲಿ ಎನ್ನುತ್ತಾರೆ. ಮಗು ಖಾಲಿ ಮನಸ್ಸಿನಲ್ಲಿ ಹದಿನೆಂಟರವರೆಗೆ ಕಾಯುವುದಿಲ್ಲ. ಹೇಳದೆ ಬಿಟ್ಟ ಜಾಗವನ್ನು ಮೊಬೈಲು, ಮಾರುಕಟ್ಟೆ, ಗೆಳೆಯರ ಗುಂಪು ತುಂಬುತ್ತವೆ. ಹಾಗಾಗಿ ಹೇಳಬಾರದೆಂಬುದನ್ನು ನಾನು ಒಪ್ಪುವುದಿಲ್ಲ. ಆದರೆ ಆ ಆಕ್ಷೇಪದಲ್ಲಿರುವ ಅರ್ಧ ಸತ್ಯವನ್ನು ಸಭೆಗಳು ಒಪ್ಪಿಕೊಳ್ಳಬೇಕು: ಬೇಡ ಎನ್ನಲು ದಾರಿಯಿಲ್ಲದ ಕಡೆ ಹೇಳಿಸಿದ ಹೌದು ನಂಬಿಕೆಯಾಗದು. 1525ರಲ್ಲಿ ಜ್ಯೂರಿಕ್‌ನಲ್ಲಿ ಹುಟ್ಟಿದ ಅನಾಬ್ಯಾಪ್ಟಿಸ್ಟ್ ಪಂಥದವರು ತಿಳಿವಳಿಕೆ ಬಂದವರಿಗಷ್ಟೇ ದೀಕ್ಷಾಸ್ನಾನವೆಂದು ಪಟ್ಟುಹಿಡಿದು, ಅದಕ್ಕಾಗಿ ಪ್ರಾಣ ತೆತ್ತರು. ಆ ಪರಂಪರೆಯ ಅಮಿಶ್ ಜನರಲ್ಲಿ ಇಂದಿಗೂ ಹದಿನಾರು ದಾಟಿದವರಿಗೆ ಸಭೆಯ ಕಟ್ಟುಗಳು ಸಡಿಲವಾಗಿರುತ್ತವೆ, ಕೆಲವು ವರ್ಷ ಕಳೆದು ದೀಕ್ಷೆ ಬೇಕೋ ಬೇಡವೋ ಎಂದು ಅವರೇ ತೀರ್ಮಾನಿಸುತ್ತಾರೆ, ಹೆಚ್ಚಿನವರು ಬೇಕೆಂದೇ ಬರುತ್ತಾರೆ. ಅಮಿಶ್ ಬದುಕಿನಲ್ಲಿ ಬೇಡವೆಂದು ಹೊರಟವರು ಕಳೆದುಕೊಳ್ಳುವುದೂ ಕಡಿಮೆಯಲ್ಲ, ಅದನ್ನು ಮಾದರಿಯೆಂದು ಪೂರ್ತಿ ಒಪ್ಪಲಾಗದು. ಕೇಳುವ ಹಕ್ಕನ್ನು ಮಗುವಿಗೆ ಬಿಡುವ ಆ ಒಂದು ಅಂಶ ಮಾತ್ರ ನಮಗೂ ಬೇಕು. ಹನ್ನೆರಡರ ಯೇಸು ಯೆರೂಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಪ್ರಶ್ನೆ ಕೇಳುತ್ತಿದ್ದನೆಂದು ಲೂಕ ಬರೆದಿದ್ದಾನೆ. ಕನ್ಫರ್ಮೇಶನ್ ತರಗತಿಯಲ್ಲಿ ಬಾಯಿಪಾಠ ಒಪ್ಪಿಸುವಷ್ಟೇ ಸಮಯ ಪ್ರಶ್ನೆಗೂ ಇರಲಿ. ಸಭೆಯ ಮುಂದೆ ನಿಲ್ಲುವ ಮುನ್ನ ಸಭಾಪಾಲಕರು ಪ್ರತಿಯೊಬ್ಬರನ್ನೂ ಬೇರೆಯಾಗಿ ಕೂರಿಸಿ, ಈ ವರ್ಷ ಮನಸ್ಸು ಒಪ್ಪುತ್ತಿಲ್ಲವಾದರೆ ಹೇಳು, ಮುಂದಿನ ವರ್ಷ ನಿಲ್ಲಬಹುದು, ನಿನ್ನ ಅಪ್ಪ ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ ಎಂದು ಹೇಳಲಿ. ಹೊಸ ಬಟ್ಟೆ ಹೊಲಿಸಿಯಾಗಿದೆ, ನೆಂಟರಿಗೆ ಊಟಕ್ಕೆ ಹೇಳಿಯಾಗಿದೆ ಎಂಬ ಕಾರಣಕ್ಕೆ ಯಾವ ಮಗುವೂ ಆ ಮಾತು ಕೊಡಬೇಕಾಗಿ ಬರಬಾರದು.