ಹಿರೇಬೇನೆಯ ಮುಳ್ಳು: ಕುರಿಯ ಮೈಯಲ್ಲೇ ತಯಾರಾಗುವ ಆಯುಧ



ಪಾಸ್ಖ ಕಾಲದ ನಾಲ್ಕನೆಯ ಭಾನುವಾರ ಪೂಜೆಯಲ್ಲಿ ಉತ್ತಮ ಕುರಿಗಾಹಿಯ ಶುಭಸಂದೇಶವನ್ನು ಕೇಳುತ್ತೇವೆ. ಹಿಂದೂಪುರ, ಕಲ್ಯಾಣದುರ್ಗದ ಕಡೆಯವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟು ಕಡಲೆಕಾಯಿ ಹೊಲದಲ್ಲೇ ಒಣಗಿದ ವರ್ಷ ಮನೆ ನಡೆಸುವುದು ರೊಪ್ಪದಲ್ಲಿರುವ ಕುರಿಗಳೇ. ಮಕ್ಕಳ ಫೀಸಿಗೆ, ಆಸ್ಪತ್ರೆಯ ಖರ್ಚಿಗೆ, ಮದುವೆಗೆ ಮೊದಲು ನೆನಪಾಗುವುದು ಟಗರು. ಅಂಥ ರೊಪ್ಪವನ್ನು ಎರಡು ಮೂರು ವಾರದಲ್ಲಿ ಬರಿದು ಮಾಡಬಲ್ಲ ರೋಗವೊಂದಿದೆ. ಕನ್ನಡದಲ್ಲಿ ಅದು ಹಿರೇಬೇನೆ, ತೆಲುಗಿನಲ್ಲಿ ಪಾರುಡು ರೋಗ, ಪಶುವೈದ್ಯರ ಚೀಟಿಯಲ್ಲಿ ಪಿ.ಪಿ.ಆರ್.

ಈ ರೋಗದಲ್ಲಿ ಕುರಿ ಕಳೆದುಕೊಂಡವರು ಕೇಳುವ ಪ್ರಶ್ನೆ ಒಂದೇ: "ಸೂಜಿ ಹಾಕಿಸಿದೆವು, ದುಡ್ಡೂ ಸುರಿದೆವು, ಆದರೂ ಏಕೆ ಸತ್ತವು?" ಇದಕ್ಕೆ ಉತ್ತರ ತಿಳಿದರೆ ರೋಗ ಬರುವ ಮುಂಚೆ ಏನು ಮಾಡಬೇಕು ಎಂಬುದೂ ತಿಳಿಯುತ್ತದೆ.

ರೋಗದ ಗುರುತು

ಮೊದಲು ಜೋರು ಜ್ವರ, 105-106 ಡಿಗ್ರಿವರೆಗೆ. ಆಮೇಲೆ ಕಣ್ಣು ಮೂಗಿನಿಂದ ನೀರು ಸುರಿದು, ಗಟ್ಟಿಯಾಗಿ ಮೂಗು ಕಟ್ಟುತ್ತದೆ. ಒಸಡು, ತುಟಿ, ನಾಲಿಗೆಯ ಮೇಲೆ ಹುಣ್ಣು. ಕುರಿ ಮೇವು ಬಿಡುತ್ತದೆ. ನಂತರ ದುರ್ವಾಸನೆಯ ಭೇದಿ, ಕೆಮ್ಮು, ಏದುಸಿರು. ಗಬ್ಬದ ಕುರಿ ಕಂದು ಹಾಕುವುದುಂಟು. ಮರಿಗಳೂ ಮೇಕೆಗಳೂ ಬೇಗ ಬಲಿಯಾಗುತ್ತವೆ. ಮನುಷ್ಯರಿಗೆ ಇದು ಅಂಟುವುದಿಲ್ಲ.

1942ರಲ್ಲಿ ಆಫ್ರಿಕಾದ ಐವರಿ ಕೋಸ್ಟ್ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದರು. ನಮ್ಮ ದೇಶದಲ್ಲಿ ಮೊದಲು ಗೊತ್ತಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರು ಗ್ರಾಮದಲ್ಲಿ. ಕೆಲವು ವರ್ಷ ದಕ್ಷಿಣದಲ್ಲಿದ್ದು, 1990ರ ದಶಕದ ನಡುವೆ ಉತ್ತರಕ್ಕೂ ಹಬ್ಬಿತು. ಮೇವು ಹುಡುಕಿ ಹೊರಟ ಹಿಂಡಿಗೆ ಆಂಧ್ರ, ಕರ್ನಾಟಕದ ಗಡಿ ಇಲ್ಲ. ರೋಗಕ್ಕೂ ಇಲ್ಲ.

ಸೂಜಿಮದ್ದು ಏಕೆ ನಾಟುವುದಿಲ್ಲ?

ಹಿರೇಬೇನೆ ತರುವುದು ಬ್ಯಾಕ್ಟೀರಿಯಾ ಅಲ್ಲ, ವೈರಸ್. ಮಕ್ಕಳಿಗೆ ಬರುವ ದಡಾರದ ವೈರಸ್ಸಿನ ದಾಯಾದಿ ಇದು. ಬ್ಯಾಕ್ಟೀರಿಯಾಕ್ಕೆ ತನ್ನದೇ ಅಡುಗೆಮನೆ ಉಂಟು; ಆಂಟಿಬಯಾಟಿಕ್ ಔಷಧ ಆ ಅಡುಗೆಮನೆಯನ್ನು ಕೆಡಿಸುತ್ತದೆ. ವೈರಸ್ಸಿಗೆ ಅಡುಗೆಮನೆಯೇ ಇಲ್ಲ. ಅದು ಕುರಿಯ ಜೀವಕೋಶದೊಳಗೆ ಹೊಕ್ಕು ಅಲ್ಲಿಯ ಒಲೆ, ಪಾತ್ರೆ, ದಿನಸಿಯಲ್ಲೇ ತನ್ನ ಅಡುಗೆ ಮಾಡಿಕೊಳ್ಳುತ್ತದೆ. ಔಷಧ ಹೊಡೆಯಬೇಕಾದ ಗುರಿಯೇ ಬೇರೆಯಾಗಿ ಕಾಣುವುದಿಲ್ಲ. ಭೇದಿ, ನ್ಯುಮೋನಿಯಾ ಹೆಚ್ಚಿಸುವ ಇತರ ಬ್ಯಾಕ್ಟೀರಿಯಾವನ್ನು ತಡೆಯಲು ವೈದ್ಯರು ಆಂಟಿಬಯಾಟಿಕ್ ಕೊಡುತ್ತಾರೆ. ಅದರಿಂದ ಕೆಲವು ಕುರಿ ಉಳಿಯುತ್ತವೆ. ಆದರೆ ವೈರಸ್ ಅದರಿಂದ ಸಾಯುವುದಿಲ್ಲ.

ಎರಡು ಮುಳ್ಳುಗಳು

ಈ ವೈರಸ್ಸಿನ ಮೇಲೆ ತೆಳುವಾದ ಕೊಬ್ಬಿನ ಹೊದಿಕೆ ಇದೆ. ಹೊದಿಕೆಯ ತುಂಬ ಎರಡು ಬಗೆಯ ಮುಳ್ಳುಗಳು. ಇವು ಸಕ್ಕರೆ ಅಂಟಿದ ಪ್ರೋಟೀನುಗಳು. ವಿಜ್ಞಾನಿಗಳು ಗ್ಲೈಕೋಪ್ರೋಟೀನ್ ಎನ್ನುತ್ತಾರೆ. ಒಂದರ ಹೆಸರು ಹೆಚ್. ಅದು ಕೈಯಿದ್ದಂತೆ, ಕುರಿಯ ಜೀವಕೋಶವನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದರ ಹೆಸರು ಎಫ್. ಅದು ಚೂರಿಯಿದ್ದಂತೆ, ಕೋಶದ ಪೊರೆಗೆ ನಾಟಿ ವೈರಸ್ಸಿನ ಹೊದಿಕೆಯನ್ನು ಅದರೊಂದಿಗೆ ಬೆಸೆಯುತ್ತದೆ. ಆಗ ವೈರಸ್ಸಿನ ಒಡಲು ಒಳಗೆ ಇಳಿಯುತ್ತದೆ.

ಹೆಚ್ ಎಲ್ಲ ಕೋಶವನ್ನೂ ಹಿಡಿಯುವುದಿಲ್ಲ. ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನು, ಆಮೇಲೆ ಮೂಗು, ಬಾಯಿ, ಶ್ವಾಸಕೋಶ, ಕರುಳಿನ ಒಳಪದರದ ಕೋಶಗಳನ್ನು ಹಿಡಿಯುತ್ತದೆ. ಮೂಗು ಸುರಿಯುವುದು, ಬಾಯಿ ಹುಣ್ಣು, ಭೇದಿ, ಕೆಮ್ಮು ಒಟ್ಟಿಗೆ ಬರುವುದು ಇದರಿಂದಲೇ. ಕಾವಲುಗಾರರೇ ಮೊದಲು ಬಿದ್ದುದರಿಂದ ಬೇರೆ ರೋಗಗಳಿಗೂ ಬಾಗಿಲು ತೆರೆಯುತ್ತದೆ.

ಮುಳ್ಳು ತಯಾರಾಗುವ ಬಗೆ

ಒಳಗೆ ಇಳಿದ ವೈರಸ್ ಕುರಿಯ ಕೋಶಕ್ಕೆ ತನ್ನ ಮುಳ್ಳುಗಳನ್ನು ಮಾಡುವ ಅಪ್ಪಣೆ ಕೊಡುತ್ತದೆ. ಪ್ರೋಟೀನು ದಾರದಂತೆ ಹೊರಡುತ್ತದೆ. ಆ ದಾರದಲ್ಲಿ, ಕಾಗದದ ಮೇಲಿನ ವಿಳಾಸದಂತೆ, ಎಲ್ಲಿಗೆ ಹೋಗಬೇಕೆಂಬ ಗುರುತು ಇರುತ್ತದೆ. ಪ್ರೋಟೀನುಗಳಲ್ಲಿ ಇಂಥ ವಿಳಾಸವಿದೆ ಎಂದು ತೋರಿಸಿದ್ದಕ್ಕೆ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಹುಮಾನ ಬಂತು. ಆ ಹಣವನ್ನು ಅವರು, ಯುದ್ಧದಲ್ಲಿ ಹಾಳಾಗಿದ್ದ ಜರ್ಮನಿಯ ಡ್ರೆಸ್ಡೆನ್ ನಗರದ ದೇವಾಲಯವನ್ನು ಮತ್ತೆ ಕಟ್ಟಲೆಂದು ಆ ನಗರಕ್ಕೆ ಕೊಟ್ಟರು.

ವಿಳಾಸ ಓದಿದ ಕೋಶ ಆ ದಾರವನ್ನು ತನ್ನೊಳಗಿನ ಪೊರೆಯ ಜಾಲಕ್ಕೆ ಒಯ್ಯುತ್ತದೆ. ಬಟ್ಟೆಯಲ್ಲಿ ಸೂಜಿ ಸಿಕ್ಕಿಸಿದಂತೆ ಪ್ರೋಟೀನು ಪೊರೆಗೆ ಅಡ್ಡಲಾಗಿ ಸಿಕ್ಕಿಕೊಳ್ಳುತ್ತದೆ. ವಿಶೇಷವೇನೆಂದರೆ ಎರಡು ಮುಳ್ಳೂ ಒಂದೇ ರೀತಿ ನಿಲ್ಲುವುದಿಲ್ಲ: ಎಫ್‌ನ ಬಾಲ ಒಳಗೆ, ಹೆಚ್‌ನ ತಲೆ ಒಳಗೆ. ಅಲ್ಲಿಯೇ ಸಕ್ಕರೆಯ ಸರಗಳು ಅಂಟುತ್ತವೆ, ಪ್ರೋಟೀನು ಸರಿಯಾಗಿ ಮಡಿಚಿಕೊಳ್ಳುತ್ತದೆ. ತಪ್ಪು ಮಡಿಚಿದ್ದನ್ನು ಕೋಶ ಮುಂದೆ ಬಿಡುವುದಿಲ್ಲ.

ಮುಂದಿನದು ಗಾಲ್ಜಿ ಎಂಬ ಮನೆ. ಇಲ್ಲಿಗೆ ಬರುವಾಗ ಎಫ್ ಮಡಿಚಿಟ್ಟ ಚೂರಿಯಂತೆ ನಿರುಪಯುಕ್ತ. ಕುರಿಯ ಕೋಶದಲ್ಲೇ ಫ್ಯೂರಿನ್ ಎಂಬ ಕತ್ತರಿ ಇದೆ. ಕುರಿಯ ಸ್ವಂತ ಪ್ರೋಟೀನುಗಳನ್ನು ಹದ ಮಾಡಲು ದೇವರು ಕೊಟ್ಟದ್ದು. ಆ ಕತ್ತರಿ ಎಫ್ ಅನ್ನು ಗೊತ್ತಾದ ಜಾಗದಲ್ಲಿ ಕತ್ತರಿಸಿ ಎರಡು ತುಂಡು ಮಾಡುತ್ತದೆ. ತುಂಡುಗಳು ಬೇರೆಯಾಗದೆ ಜೋಡಿಯಾಗಿಯೇ ಉಳಿಯುತ್ತವೆ. ಆಗಲೇ ಚೂರಿ ಸಾಣೆಗೊಳ್ಳುವುದು. ಕತ್ತರಿಸದ ಎಫ್ ಹೊತ್ತ ವೈರಸ್ ಬೇರೆ ಕೋಶಕ್ಕೆ ನುಗ್ಗಲಾರದು. ಈ ಕತ್ತರಿ ಮೈಯ ಬಹುತೇಕ ಎಲ್ಲ ಅಂಗಗಳಲ್ಲೂ ಇರುವುದರಿಂದ ವೈರಸ್ಸಿಗೆ ಎಲ್ಲಿಯೂ ಅಡ್ಡಿ ಇಲ್ಲ.

ಸಿದ್ಧವಾದ ಮುಳ್ಳುಗಳು ಕೋಶದ ಹೊರಪೊರೆಗೆ ಬಂದು ನಿಲ್ಲುತ್ತವೆ. ಹೊಸ ವೈರಸ್ ಆ ಪೊರೆಯನ್ನೇ ಹೊದ್ದು ಮೊಗ್ಗಿನಂತೆ ಹೊರಬರುತ್ತದೆ. ಪೊರೆಯ ಮೇಲಿನ ಚೂರಿ ಪಕ್ಕದ ಕೋಶಕ್ಕೂ ನಾಟಿ ಹತ್ತಾರು ಕೋಶಗಳು ಒಂದೇ ಮುದ್ದೆಯಾಗುವುದೂ ಉಂಟು.

ಅದೇ ಮುಳ್ಳು ನಮ್ಮ ರಕ್ಷಣೆಗೆ

ಈ ಮುಳ್ಳುಗಳಿಲ್ಲದೆ ವೈರಸ್ ಬದುಕಲಾರದು. ಹೊರಗೆ ಚಾಚಿಕೊಂಡು ಕಣ್ಣಿಗೆ ಬೀಳುವುದೂ ಅವೇ. ಲಸಿಕೆಯ ಗುಟ್ಟು ಇಲ್ಲಿದೆ. ಹಿರೇಬೇನೆಯ ಲಸಿಕೆಯಲ್ಲಿ ಸತ್ವ ಕುಗ್ಗಿಸಿದ ಜೀವಂತ ವೈರಸ್ ಇರುತ್ತದೆ. ಅದು ರೋಗ ತಾರದೆ ಅವೇ ಮುಳ್ಳುಗಳನ್ನು ಕೋಶದ ಪೊರೆಯ ಮೇಲೆ ತೋರಿಸುತ್ತದೆ. ಕುರಿಯ ಮೈ ಗುರುತು ಹಿಡಿದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಮುಂದೆ ನಿಜವಾದ ವೈರಸ್ ಬಂದಾಗ ಪ್ರತಿಕಾಯಗಳು ಮುಳ್ಳಿಗೆ ಅಂಟಿ ಕೈಯನ್ನೂ ಚೂರಿಯನ್ನೂ ಕಟ್ಟಿಹಾಕುತ್ತವೆ. ಮುಕ್ತೇಶ್ವರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ 'ಸುಂಗ್ರಿ 96' ಎಂಬ ಲಸಿಕೆಯನ್ನು ರೂಪಿಸಿದೆ. ಒಮ್ಮೆ ಹಾಕಿಸಿದರೆ ಕನಿಷ್ಠ 3 ವರ್ಷ ರಕ್ಷಣೆ.

ಆದರೆ ಪ್ರತಿಕಾಯ ತಯಾರಾಗಲು ದಿನಗಳು ಬೇಕು. ರೊಪ್ಪದಲ್ಲಿ ಕುರಿ ಮಲಗಿದ ಮೇಲೆ ಓಡಿದರೆ ತಡವಾಯಿತು.

ಕಡಲೆಕಾಯಿ ಸೊಪ್ಪಿನಲ್ಲಿ ವೈರಸ್ಸಿನ ಮುಳ್ಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಶೈಲಾ, ಜಿ. ಲಕ್ಷ್ಮೀ ಸೀತಾ ಮತ್ತು ಸಂಗಡಿಗರು ನಮ್ಮ ಬೆಳೆಯಲ್ಲೇ ಒಂದು ಪ್ರಯೋಗ ಮಾಡಿದರು. ಹಿರೇಬೇನೆಯ ಇನ್ನೊಬ್ಬ ದಾಯಾದಿ, ದನಗಳ ದೊಡ್ಡರೋಗ. ಅದರ ವೈರಸ್ಸಿನ ಹೆಚ್ ಮುಳ್ಳನ್ನು ಕಡಲೆಕಾಯಿ ಗಿಡದಲ್ಲಿ ತಯಾರಾಗುವಂತೆ ಮಾಡಿದರು. ಆ ಸೊಪ್ಪು ತಿಂದ ದನಗಳ ರಕ್ತದಲ್ಲಿ ವೈರಸ್ಸನ್ನು ತಡೆಯಬಲ್ಲ ಪ್ರತಿಕಾಯಗಳು ಕಂಡವು ಎಂದು 2003ರಲ್ಲಿ ಪ್ರಕಟಿಸಿದರು. ಗಿಡದ ಕೋಶವೂ ಮುಳ್ಳನ್ನು ದನದ ಮೈ ಗುರುತಿಸುವಷ್ಟು ಸರಿಯಾಗಿ ಮಾಡಿತ್ತು. ಇದು ಪ್ರಯೋಗದ ಮಾತು; ನಮ್ಮ ಹೊಲದ ಸೊಪ್ಪು ಲಸಿಕೆಯಲ್ಲ.

ಆ ದೊಡ್ಡರೋಗವನ್ನು ಲಸಿಕೆಯ ಬಲದಿಂದಲೇ 2011ರಲ್ಲಿ ಭೂಮಿಯಿಂದ ಅಳಿಸಲಾಯಿತು. 2030ರೊಳಗೆ ಹಿರೇಬೇನೆಯನ್ನೂ ಹಾಗೆಯೇ ಅಳಿಸಬೇಕೆಂಬುದು ಪ್ರಪಂಚದ ರಾಷ್ಟ್ರಗಳ ಗುರಿ. ಅದು ನಡೆಯುವುದು ನಮ್ಮ ನಿಮ್ಮ ರೊಪ್ಪಗಳಲ್ಲಿ.

ನೆನಪಿಡಿ

1. 4 ತಿಂಗಳು ದಾಟಿದ ಮರಿಗಳಿಗೆಲ್ಲ ಲಸಿಕೆ ಹಾಕಿಸಿ. ಇನ್ನೂ ಚಿಕ್ಕ ಮರಿಯಲ್ಲಿ ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನೇ ಕಟ್ಟಿಹಾಕಬಹುದು.

2. ಹಿಂಡಿನ ಅರ್ಧಕ್ಕೆ ಹಾಕಿಸಿ ಅರ್ಧ ಬಿಡಬೇಡಿ. ನೆರೆಯವರಿಗೂ ಹೇಳಿ, ಒಂದೇ ದಿನ ಹಾಕಿಸಿ.

3. ಲಸಿಕೆ ಐಸ್ ಡಬ್ಬಿಯಲ್ಲಿರಬೇಕು. ಕಲಸಿದ ಮೇಲೆ ಬಿಸಿಲಿಗೆ ಇಡದೆ ಬೇಗ ಮುಗಿಸಬೇಕು. ಶಾಖಕ್ಕೆ ವೈರಸ್ ಸತ್ತರೆ ಸೂಜಿ ಚುಚ್ಚಿದ್ದೇ ಲಾಭ.

4. ಸಂತೆಯಿಂದ ತಂದ ಕುರಿಯನ್ನು 3-4 ವಾರ ಬೇರೆ ಕಟ್ಟಿ.

5. ರೋಗ ಕಂಡ ದಿನವೇ ಪಶು ಆಸ್ಪತ್ರೆಗೆ ತಿಳಿಸಿ. ಕಾಯಿಲೆ ಕುರಿಯನ್ನು ಸಂತೆಗೆ ಹೊಡೆಯಬೇಡಿ. ಅದು ನೆರೆಯವನ ರೊಪ್ಪಕ್ಕೆ ಬೆಂಕಿ ಇಟ್ಟಂತೆ.

6. ಸತ್ತ ಕುರಿಯನ್ನು ಆಳವಾಗಿ ಹೂಳಿ, ಸುಣ್ಣ ಹಾಕಿ. ಕೈಕಾಲು, ಪಾತ್ರೆ ಸೋಪಿನಲ್ಲಿ ತೊಳೆಯಿರಿ. ವೈರಸ್ಸಿನ ಕೊಬ್ಬಿನ ಹೊದಿಕೆ ಸೋಪಿಗೆ ತಡೆಯದು.

ತೋಳ ಬಂದಾಗ ಕೋಲು ಹಿಡಿಯುವವನು ಕುರಿಗಾಹಿ. ಈ ತೋಳ ಕಣ್ಣಿಗೆ ಕಾಣದು. ಆದ್ದರಿಂದ ಕೋಲನ್ನು ಮೊದಲೇ ಹಿಡಿದಿರಬೇಕು.