ಪರಿಮಳದ್ರವ್ಯಗಳ ವಿಚಾರ

ಶಾಲೆಯ ವರದಿಯೂ ಪರೀಕ್ಷಾಫಲಗಳೂ ಈ ಸಂಚಿಕೆಯ ಬೇರೆ ಪುಟಗಳಲ್ಲಿರುವದರಿಂದ ನಾವು ಇಲ್ಲಿ ಒಂದು ಹಳೆಯ ಸಾಲವನ್ನು ತೀರಿಸಲಿಚ್ಛಿಸುತ್ತೇವೆ. ಕೆಲವು ವರುಷಗಳ ಹಿಂದೆ ಒಂಭತ್ತನೆಯ ತರಗತಿಯ ಹುಡುಗಿಯೊಬ್ಬಳು ಜಾತ್ರೆಯಲ್ಲಿ ಕೊಂಡ ಬೆರಳುದ್ದದ ಸೀಸೆಯೊಂದನ್ನು ವಿಜ್ಞಾನದ ಪಾಠಕ್ಕೆ ತಂದಳು. ಅದರ ಮೇಲೆ ಶ್ರೀಗಂಧದ ಹೆಸರಿತ್ತು. "ಇದರಲ್ಲಿ ನಿಜವಾಗಿ ಗಂಧದ ಎಣ್ಣೆ ಉಂಟೇ?" ಎಂದು ಅವಳು ಕೇಳಿದಳು. ನಮಗೆ ಉತ್ತರ ತಿಳಿಯದು. ತಿಳಿಯದೆಂದು ಒಪ್ಪಿಕೊಳ್ಳುವ ಬದಲು, ಪರೀಕ್ಷೆಗೆ ಬಾರದ ಪ್ರಶ್ನೆಯೆಂದು ಹೇಳಿ ಅವಳನ್ನು ಕೂಡ್ರಿಸಿದೆವು. ಅವಳು ಮತ್ತೆ ಆ ವರುಷ ಏನನ್ನೂ ಕೇಳಲಿಲ್ಲ. ಅದು ನಮ್ಮ ತಪ್ಪು. ಈ ಲೇಖನವೇ ಆ ಪ್ರಶ್ನೆಗೆ ತಡವಾದ ಉತ್ತರವು.

ಮೊದಲು ವಾಸನೆಯೆಂದರೇನೆಂಬದನ್ನು ತಿಳಿಯತಕ್ಕದ್ದು. ಹೂವಿನಿಂದಾಗಲಿ ಮಸಾಲೆಯಿಂದಾಗಲಿ ಅತಿಸೂಕ್ಷ್ಮವಾದ ಅಣುಗಳು ಆವಿಯಾಗಿ ಗಾಳಿಯಲ್ಲಿ ಬೆರೆಯುತ್ತವೆ. ಹೀಗೆ ಆವಿಯಾಗಿ ಹಾರಬಲ್ಲ ವಸ್ತುವಿಗೆ ಮಾತ್ರ ವಾಸನೆಯುಂಟು. ಕಲ್ಲುಸಕ್ಕರೆಗೆ ಇಲ್ಲದ ಪರಿಮಳ ಏಲಕ್ಕಿಗೆ ಇರುವದು ಇದರಿಂದಲೇ. ಮೂಗಿನ ಮೇಲ್ಭಾಗದಲ್ಲಿರುವ ಗ್ರಾಹಕಗಳು ಈ ಅಣುಗಳನ್ನು ಹಿಡಿದು ಮಿದುಳಿಗೆ ಸುದ್ದಿ ಕಳುಹುತ್ತವೆ. ಈ ಗ್ರಾಹಕಗಳ ಗುಟ್ಟನ್ನು 1991ರಲ್ಲಿ ಬಯಲಿಗೆ ತಂದವರು ಅಮೇರಿಕೆಯ ಲಿಂಡಾ ಬಕ್ ಎಂಬ ವಿದುಷಿಯೂ ರಿಚರ್ಡ್ ಆಕ್ಸೆಲ್ ಎಂಬ ವಿದ್ವಾಂಸರೂ. 2004ರಲ್ಲಿ ಇವರಿಬ್ಬರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಮನುಷ್ಯನಲ್ಲಿ ಕೆಲಸ ಮಾಡುವ ಗ್ರಾಹಕಗಳ ಬಗೆ ಸುಮಾರು 400 ಮಾತ್ರ. ಆದರೆ ಐವತ್ತಕ್ಕೆ ಮೀರದ ಅಕ್ಷರಗಳಿಂದ ಕನ್ನಡದ ಎಲ್ಲ ಮಾತುಗಳೂ ಹುಟ್ಟುವಂತೆ, ಈ ಗ್ರಾಹಕಗಳ ನಾನಾ ಜೋಡಣೆಗಳಿಂದ ನಾವು ಅಸಂಖ್ಯ ವಾಸನೆಗಳನ್ನು ಗುರುತಿಸುತ್ತೇವೆ.

ನಮ್ಮ ಅಕ್ಕಿಆಲೂರಿನ ಸುತ್ತಲಿನ ಗದ್ದೆಗಳಲ್ಲಿ ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ಕಂಪನ್ನು ಅರಿಯದವರಾರು? ಮಣ್ಣಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯೋಸ್ಮಿನ್ ಎಂಬ ಪದಾರ್ಥವು ಇದಕ್ಕೆ ಮುಖ್ಯ ಕಾರಣವು. ಇದಕ್ಕೆ ಹೆಸರಿಟ್ಟದ್ದು 1965ರಲ್ಲಿ. ಆದರೆ ಅದಕ್ಕೆ ಬಹು ಮೊದಲೇ ಉತ್ತರಹಿಂದುಸ್ಥಾನದ ಕನೌಜಿನ ಅತ್ತರುಗಾರರು ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಬಟ್ಟಿಯಿಳಿಸಿ, ಆ ಕಂಪನ್ನು ಗಂಧದೆಣ್ಣೆಯಲ್ಲಿ ಹಿಡಿದು, ಮಿಟ್ಟಿ ಅತ್ತರೆಂದು ಮಾರುತ್ತಿದ್ದರು. ಕೈಯು ಮಾಡಿ ತೋರಿಸಿದ್ದಕ್ಕೆ ಶಾಸ್ತ್ರವು ನಂತರ ಕಾರಣ ಹೇಳಿತು.

ಈ ವಿದ್ಯೆಯು ನಮ್ಮ ನಾಡಿಗೆ ಹೊಸತಲ್ಲ. ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿ ಅಡಿಗೆ, ಕೃಷಿ, ವೈದ್ಯಗಳ ಜೊತೆಗೆ ಪರಿಮಳದ್ರವ್ಯಗಳ ವಿಷಯವೂ ಇದೆ. ಕಲ್ಯಾಣದ ಚಾಳುಕ್ಯರ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಬರೆದ ಮಾನಸೋಲ್ಲಾಸವು ಸ್ನಾನದ ಎಣ್ಣೆ, ಲೇಪನ, ಧೂಪಗಳ ಪಾಕಗಳನ್ನು ಹೇಳುತ್ತದೆ. ನಮ್ಮ ಹಾನಗಲ್ಲನ್ನು ಆಳಿದ ಕದಂಬರು ಆ ಚಾಳುಕ್ಯರ ಮಾಂಡಲಿಕರಾಗಿದ್ದರೆಂಬದನ್ನು ಇಲ್ಲಿ ನೆನೆಯಬಹುದು. ಸತ್ಯವೇದದ ವಿಮೋಚನಕಾಂಡದ ಮೂವತ್ತನೆಯ ಅಧ್ಯಾಯದಲ್ಲಿಯೂ ಅಭಿಷೇಕತೈಲಕ್ಕೆ ಬೇಕಾದ ರಕ್ತಬೋಳ, ದಾಲ್ಚಿನ್ನಿ, ಬಜೆ ಮೊದಲಾದವುಗಳು ತೂಕಸಮೇತವಾಗಿ ಹೇಳಲ್ಪಟ್ಟಿವೆ. ಬೇಥಾನ್ಯದ ಮರಿಯಳು ಕರ್ತನ ಪಾದಗಳಿಗೆ ಹಚ್ಚಿದ ಜಟಾಮಾಂಸಿಯು ಹಿಮಾಲಯದ ಎತ್ತರದಲ್ಲಿ ಬೆಳೆಯುವ ಗಿಡದ ಬೇರು. ಅಷ್ಟು ದೂರದ ವ್ಯಾಪಾರವು ಆಗಲೇ ನಡೆದಿತ್ತು.

ಇನ್ನು ಪರಿಮಳವನ್ನು ತೆಗೆಯುವ ಬಗೆಗಳು. ಅವುಗಳಲ್ಲಿ ಮುಖ್ಯವಾದದ್ದು ಬಟ್ಟಿಯಿಳಿಸುವದು. ಅನ್ನ ಬೇಯುವಾಗ ಮುಚ್ಚಳದ ಒಳಮೈಯಲ್ಲಿ ನೀರಹನಿಗಳು ಕೂಡುವದನ್ನು ಪ್ರತಿಯೊಬ್ಬ ಗೃಹಿಣಿಯೂ ಕಂಡಿದ್ದಾಳೆ. ಪಾತ್ರೆಯಲ್ಲಿ ಲಾವಂಚವನ್ನೋ ಗಂಧದ ಪುಡಿಯನ್ನೋ ಇಟ್ಟು ಉಗಿಯನ್ನು ಹಾಯಿಸಿದರೆ, ಉಗಿಯು ಎಣ್ಣೆಯ ಅಣುಗಳನ್ನು ತನ್ನೊಡನೆ ಒಯ್ಯುತ್ತದೆ. ತಣ್ಣಗಾದ ಮೇಲೆ ನೀರೂ ಎಣ್ಣೆಯೂ ಬೇರೆಯಾಗುತ್ತವೆ. ಕಿತ್ತಳೆ, ನಿಂಬೆಗಳ ಸಿಪ್ಪೆಯಿಂದಾದರೋ ಹಿಂಡಿಯೇ ಎಣ್ಣೆ ತೆಗೆಯುವರು. ಮಲ್ಲಿಗೆಯ ಕೋಮಲವಾದ ಕಂಪು ಉಗಿಯ ಶಾಖವನ್ನು ತಾಳದು. ಅದಲ್ಲದೆ ಮಲ್ಲಿಗೆಯು ಗಿಡದಿಂದ ಕೊಯ್ದ ಮೇಲೂ ತಾಸುಗಟ್ಟಲೆ ಪರಿಮಳವನ್ನು ಉಂಟುಮಾಡುತ್ತಲೇ ಇರುವದು. ಸಂಜೆ ಮುಡಿದ ಮೊಗ್ಗು ರಾತ್ರಿಯಲ್ಲಿ ಘಮಘಮಿಸುವದು ಇದೇ ಕಾರಣದಿಂದ. ಆದದರಿಂದ ಫ್ರಾನ್ಸಿನ ಗ್ರಾಸ್ ಪಟ್ಟಣದವರು ಗಾಜಿನ ಹಲಗೆಗೆ ಸವರಿದ ಕೊಬ್ಬಿನ ಮೇಲೆ ಹೂಗಳನ್ನು ದಿನದಿನವೂ ಬದಲಾಯಿಸಿ ಹಾಸಿ, ಕೊಬ್ಬಿಗೆ ಕಂಪನ್ನು ಏರಿಸುತ್ತಿದ್ದರು. ನಮ್ಮಲ್ಲಿ ಎಳ್ಳನ್ನು ಹೂವಿನೊಡನೆ ಪದರಪದರವಾಗಿ ಹಾಸಿ, ಅನಂತರ ಗಾಣಕ್ಕೆ ಹಾಕಿ ಮಲ್ಲಿಗೆಯೆಣ್ಣೆ ತೆಗೆಯುವದೂ ಇದೇ ತತ್ತ್ವದ ಮೇಲೆಯೇ. ಈಗ ಈ ಕೆಲಸವನ್ನು ಹೆಚ್ಚಾಗಿ ದ್ರಾವಕಗಳಿಂದ ನಡಿಸುತ್ತಾರೆ. ಒಂದು ಕಿಲೋ ಗುಲಾಬಿಯ ಎಣ್ಣೆಗೆ ಮೂರು ನಾಲ್ಕು ಸಾವಿರ ಕಿಲೋ ಹೂಗಳು ಬೇಕಾಗುವವೆಂದರೆ, ಬೆಲೆಯು ಏಕೆ ಏರುವದೆಂಬದನ್ನು ಬೇರೆ ಹೇಳಬೇಕಾದದ್ದಿಲ್ಲ.

ಈಗ ಶ್ರೀಗಂಧಕ್ಕೆ ಬರುವೆವು. ಈ ಮರವು ಅರೆಪರಾವಲಂಬಿ; ತನ್ನ ಬೇರುಗಳನ್ನು ನೆರೆಯ ಗಿಡಗಳ ಬೇರುಗಳಿಗೆ ತಾಗಿಸಿ ಆಹಾರವನ್ನು ಹೀರುತ್ತದೆ. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಹರಡುತ್ತವೆ. ಎಣ್ಣೆಯಿರುವದು ಒಳಗಿನ ಚೇಗಿನಲ್ಲಿಯೂ ಬೇರಿನಲ್ಲಿಯೂ ಮಾತ್ರ. ಹೊರಗಿನ ಬಿಳಿಯ ಭಾಗದಲ್ಲಿ ಏನೂ ಇಲ್ಲವೆನ್ನಬಹುದು. ಚೇಗು ಕಟ್ಟಲು ಹತ್ತು ಹದಿನೈದು ವರುಷಗಳೂ, ಅದು ಚೆನ್ನಾಗಿ ಬಲಿಯಲು ಮೂವತ್ತು ವರುಷಗಳೂ ಬೇಕು. ಅಂಥ ನೂರು ಕಿಲೋ ಚೇಗಿನಿಂದ ದೊರೆಯುವದು ನಾಲ್ಕಾರು ಕಿಲೋ ಎಣ್ಣೆ. ಸ್ಯಾಂಟಲಾಲ್ ಎಂಬ ಪದಾರ್ಥವೇ ಈ ಎಣ್ಣೆಯ ಪ್ರಾಣವು.

ಒಂದನೆಯ ಮಹಾಯುದ್ಧಕ್ಕೆ ಮೊದಲು ಮೈಸೂರಿನ ಗಂಧದ ಕೊರಡುಗಳು ಯುರೋಪಿಗೆ, ವಿಶೇಷವಾಗಿ ಜರ್ಮನಿಗೆ, ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಯುದ್ಧದಿಂದ ಹಡಗಿನ ದಾರಿಯು ಮುಚ್ಚಲು ಸರಕು ಇಲ್ಲಿಯೇ ಉಳಿಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ, ದಿವಾನ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಆಲ್‌ಫ್ರೆಡ್ ಚಾಟರ್ಟನ್ನರ ಮುಂದಾಳುತನದಿಂದಲೂ ಬೆಂಗಳೂರಿನ ವಿಜ್ಞಾನಮಂದಿರದ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರ ಪ್ರಯೋಗಗಳಿಂದಲೂ 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಇಳಿಸುವ ಕೆಲಸವು ಆರಂಭವಾಯಿತು. ಮರುವರುಷ ಮೈಸೂರಿನಲ್ಲಿ ಕಾರಖಾನೆಯು ನಿಂತಿತು. ಸಾಬೂನಿನ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳ ಪರಿಶ್ರಮದಿಂದ 1918ರಲ್ಲಿ ಮೈಸೂರ್ ಸ್ಯಾಂಡಲ್ ಸಾಬೂನು ಹೊರಟಿತು. 1944ರಲ್ಲಿ ಶಿವಮೊಗ್ಗೆಯಲ್ಲಿಯೂ ಎಣ್ಣೆಯ ಕಾರಖಾನೆಯಾಯಿತು. ಇವೆಲ್ಲವೂ 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವೆಂಬ ಸರಕಾರಿ ಸಂಸ್ಥೆಯ ಕೆಳಗೆ ಬಂದವು. ವಿದ್ಯೆಯುಳ್ಳ ಕೆಲವರು ಬಿಕ್ಕಟ್ಟಿನ ಕಾಲವನ್ನು ಒಳ್ಳೆಯ ಕಾಲವನ್ನಾಗಿ ಮಾಡಿದ ಬಗೆಯಿದು.

ಆದರೆ ಮರದ ಕಥೆಯು ಇಷ್ಟು ಸಂತೋಷದ್ದಲ್ಲ. ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನನು 1792ರಲ್ಲಿ ಇದನ್ನು ರಾಜವೃಕ್ಷವೆಂದು ಸಾರಿದಂದಿನಿಂದ ರೈತನ ಹೊಲದಲ್ಲಿ ಹುಟ್ಟಿದ ಗಂಧದ ಮರವೂ ಸರಕಾರದ ಸೊತ್ತಾಯಿತು. ತನ್ನದಲ್ಲದ ಮರವನ್ನು ಕಾಯುವ ಉತ್ಸಾಹವು ರೈತನಿಗೆ ಎಲ್ಲಿಂದ ಬರಬೇಕು? ಇದರ ಮೇಲೆ ಸ್ಪೈಕ್ ಎಂಬ ರೋಗವೂ ಕಳ್ಳರ ಕೊಡಲಿಯೂ ಸೇರಿ ಕಾಡುಗಳು ಬರಿದಾದವು. ಕರ್ನಾಟಕದಲ್ಲಿ 2001ರ ಕಾನೂನಿನ ತಿದ್ದುಪಡಿಯಿಂದ ಮರವು ನೆಲದೊಡೆಯನದಾಯಿತು. ಕಡಿಯುವದಕ್ಕೂ ಸಾಗಿಸುವದಕ್ಕೂ ಮಾತ್ರ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಅಷ್ಟರಲ್ಲಿ ನಮ್ಮ ಇದೇ ಜಾತಿಯ ಮರವನ್ನು ಆಸ್ತ್ರೇಲಿಯದವರು ವಿಸ್ತಾರವಾದ ತೋಟಗಳಲ್ಲಿ ಬೆಳೆಸತೊಡಗಿದ್ದಾರೆ. ಹೊಲದ ಬದುವಿನಲ್ಲಿ ಗಂಧ ನೆಡಬೇಕೆಂದು ಯೋಚಿಸುವ ಪಾಲಕರು, ಅದು ಮಗಳ ಮದುವೆಗೆ ಒದಗುವ ಬೆಳೆಯಲ್ಲ, ಮೊಮ್ಮಗಳ ವಿದ್ಯೆಗೆ ಒದಗಬಹುದಾದ ಬೆಳೆಯೆಂದು ತಿಳಿದು ನೆಡತಕ್ಕದ್ದು.

ಹೀಗಿರಲು, ಅಗ್ಗದ ಸೀಸೆಯಲ್ಲಿ ಏನಿರುವದು? 1868ರಲ್ಲಿ ಪರ್ಕಿನ್ ಎಂಬವರು ಕೂಮರಿನ್ ಎಂಬ ಸುವಾಸನೆಯ ಪದಾರ್ಥವನ್ನೂ, 1874ರಲ್ಲಿ ಟೀಮನ್ ಮತ್ತು ಹಾರ್‌ಮನ್ ಎಂಬವರು ವೆನಿಲಿನ್ ಎಂಬದನ್ನೂ ಪ್ರಯೋಗಶಾಲೆಯಲ್ಲಿ ತಯಾರಿಸಿದಂದಿನಿಂದ ಸುಗಂಧದ ಉದ್ಯಮವು ಬದಲಾಯಿತು. ಈಗ ಗಂಧದ ವಾಸನೆಯುಳ್ಳ ಹಲವು ಕೃತಕ ದ್ರವ್ಯಗಳುಂಟು. ಅವುಗಳಲ್ಲಿ ಅನೇಕವನ್ನು ಪೈನ್ ಮರದ ಟರ್ಪೆಂಟೈನಿನಿಂದ ಮಾಡುತ್ತಾರೆ. ಪರಿಮಳವನ್ನು ಜೋಡಿಸುವವನು ಬೇಗ ಹಾರುವ ನಿಂಬೆಯಂಥವುಗಳನ್ನು ಮೇಲಿನ ಶ್ರುತಿಯಾಗಿಯೂ, ಹೂವಿನ ಕಂಪುಗಳನ್ನು ನಡುವಿನದಾಗಿಯೂ, ನಿಧಾನವಾಗಿ ಹಾರುವ ಗಂಧ, ಲಾವಂಚಗಳನ್ನು ಆಧಾರಶ್ರುತಿಯಾಗಿಯೂ ಇರಿಸಿ ಮದ್ಯಸಾರದಲ್ಲಿ ಬೆರೆಸುತ್ತಾನೆ. ಕಾಗದದ ಪಟ್ಟಿಗೆ ಒಂದು ಹನಿ ಹಾಕಿ ಕೂಡಲೇ, ತಾಸಿನ ಮೇಲೆ, ಮರುದಿನ ಮೂಸಿ ನೋಡಿದರೆ ಈ ಮೂರನ್ನೂ ಮನೆಯಲ್ಲಿಯೇ ಗುರುತಿಸಬಹುದು.

ಆದಕಾರಣ ನಮ್ಮ ಹುಡುಗಿಗೆ ಉತ್ತರವಿದು: ಕೆಲವೇ ರೂಪಾಯಿಯ ಆ ಸೀಸೆಯಲ್ಲಿ ನಿಜವಾದ ಗಂಧದೆಣ್ಣೆಯು ಇದ್ದಿರಲಾರದು. ಮೂವತ್ತು ವರುಷದ ಮರವು ಆ ಬೆಲೆಗೆ ಬಾರದು. ಮೂಗೊಂದರಿಂದ ಇದನ್ನು ಖಂಡಿತವಾಗಿ ಹೇಳಲಾಗದು. ಪ್ರಯೋಗಶಾಲೆಯಲ್ಲಿ ಎಣ್ಣೆಯ ಒಂದೊಂದು ಘಟಕವನ್ನೂ ಬೇರ್ಪಡಿಸುವ ಯಂತ್ರದಿಂದಲೇ ಅದು ಸಾಧ್ಯ. ಕೃತಕವಾದದ್ದೆಲ್ಲ ಕೆಟ್ಟದ್ದೆಂದು ನಾವು ಹೇಳುವದಿಲ್ಲ. ಕಸ್ತೂರಿಗಾಗಿ ಮೃಗವನ್ನು ಕೊಲ್ಲುವದಕ್ಕಿಂತ ಕೃತಕ ಕಸ್ತೂರಿಯೇ ಲೇಸು. ಸಹಜವಾದದ್ದೆಲ್ಲ ನಿರಪಾಯವೆಂದೂ ತಿಳಿಯಬಾರದು. ಹೂವಿನ ಶುದ್ಧ ಎಣ್ಣೆಯೂ ಕೆಲವರ ಚರ್ಮಕ್ಕೆ ತುರಿಯನ್ನು ತರುವದು. ಹೊಸ ದ್ರವ್ಯವನ್ನು ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾದು ನೋಡಿರಿ. ಮದ್ಯಸಾರವುಳ್ಳದ್ದನ್ನು ಒಲೆ, ದೀಪಗಳ ಬಳಿ ಬಳಸಬೇಡಿರಿ. ಕೂಸುಗಳ ಮೈಗೆ ಯಾವ ಸೆಂಟೂ ಬೇಡ. ದೋಷವಿರುವದು ಕೃತಕವಾದದ್ದರಲ್ಲಿ ಅಲ್ಲ. ಒಂದನ್ನು ಇಟ್ಟು ಇನ್ನೊಂದರ ಹೆಸರನ್ನು ಹಚ್ಚುವದರಲ್ಲಿ.

ಕಡೆಯದಾಗಿ ತಂದೆತಾಯಿಗಳಿಗೆ ಒಂದು ಬಿನ್ನಹ. ಬೆಂಗಳೂರು, ಮೈಸೂರುಗಳಲ್ಲಿ ಬಹುಕಾಲ ಹೆಂಗಸರು ಮನೆಯಲ್ಲಿ ಕುಳಿತು ಎಣಿಕೆಯ ಕೂಲಿಗೆ ಊದಿನಕಡ್ಡಿಗಳನ್ನು ಹೊಸೆದರು. ನಸುಕಿನಲ್ಲಿ ಮೊಗ್ಗು ಬಿಡಿಸುವ ಕೈಗಳೂ ಹೆಚ್ಚಾಗಿ ಹೆಂಗಸರವೇ. ಆದರೆ ಪರಿಮಳದ ಪಾಕವನ್ನು ಬಲ್ಲವರಿಗೆ ಸಲ್ಲುವ ಸಂಬಳವು ಈ ಕೈಗಳಿಗೆ ಸಂದಿಲ್ಲ. ಇವೆರಡರ ನಡುವಿನ ಅಂತರವು ರಸಾಯನಶಾಸ್ತ್ರದ ಕೆಲವು ವರುಷಗಳ ಅಭ್ಯಾಸವೇ. ಹತ್ತನೆಯ ತರಗತಿಯೊಂದಿಗೆ ಹುಡುಗಿಯ ಓದು ಸಾಕೆನ್ನುವ ಮೊದಲು ಇದನ್ನು ಯೋಚಿಸಬೇಕೆಂದು ಬೇಡುತ್ತೇವೆ.

ಆ ಹುಡುಗಿಯು ಈಗ ಪೂರ್ವವಿದ್ಯಾರ್ಥಿನಿಯರಲ್ಲಿ ಒಬ್ಬಳು. ಈ ಪುಟವು ಅವಳ ಕೈಗೆ ಸೇರಿದರೆ, ಅವಳು ಒಮ್ಮೆ ಶಾಲೆಗೆ ಬರಲಿ. ಆ ಸೀಸೆಯು ಉಳಿದಿದ್ದರೆ ಅದನ್ನೂ ತರಲಿ. ಈಗಿನ ಒಂಭತ್ತನೆಯ ತರಗತಿಯ ಮುಂದೆ ಅವಳು ಅದೇ ಪ್ರಶ್ನೆಯನ್ನು ಕೇಳಲಿ. ಈ ಸಲ ನಾವು ಅವಳನ್ನು ಕೂಡ್ರಿಸುವದಿಲ್ಲ.